ಬಿರುಕಿಗೆ ಬಿದ್ದ ಉಂಗುರ

ಕಳೆದ ಏಪ್ರಿಲ್‌ನಲ್ಲಿ ಹೇಮಾವತಿಯ ಹಿನ್ನೀರು ಇಳಿದು, ಶೆಟ್ಟಿಹಳ್ಳಿಯ ಪಾಳು ಚರ್ಚಿನಿಂದ ಆಚೆಗಿರುವ ಬಯಲು ಒಣಗಿದ್ದಾಗ, ಮದುವೆಯಾಗಿ ಇಪ್ಪತ್ತು ದಿನವೂ ತುಂಬದ ಹುಡುಗಿಯೊಬ್ಬಳ ಉಂಗುರ ಅಲ್ಲಿ ಬೆರಳಿನಿಂದ ಜಾರಿತು. ಜಲಾಶಯದ ಅಂಗಳದ ಜಿಗುಟುಮಣ್ಣು ಬೇಸಿಗೆಯಲ್ಲಿ ಹೇಗೆ ಬಾಯಿಬಿಡುತ್ತದೆಂಬುದು ಹಾಸನದ ಕಡೆಯವರಿಗೆ ಹೇಳಬೇಕಾಗಿಲ್ಲ. ಅಂಗೈ ತೂರುವಷ್ಟು ಅಗಲದ ಆ ಬಿರುಕುಗಳಲ್ಲಿ ಮನೆಯವರೆಲ್ಲ ಸೇರಿ ಕಡ್ಡಿ ಹಾಕಿ ಕೆದಕಿ, ಕತ್ತಲಾಗುವವರೆಗೆ ಹುಡುಕಿ, ಬರಿಗೈಯಲ್ಲಿ ಊರಿಗೆ ಮರಳಿದ್ದರು. ಪರಿಚಯದವರ ಮೂಲಕ ಸುದ್ದಿ ತಿಳಿದು, ಮರುದಿನ ಬೆಳಿಗ್ಗೆ ನನ್ನ ಮೆಟಲ್ ಡಿಟೆಕ್ಟರ್ ತೆಗೆದುಕೊಂಡು ಅವರ ಜೊತೆ ಹೋದೆ.

ಯಂತ್ರವನ್ನು ಹೊರತೆಗೆಯುವ ಮೊದಲು ನಾನು ಕೇಳಿದ್ದು ಅವರ ಫೋನಿನಲ್ಲಿದ್ದ ಚಿತ್ರಗಳನ್ನು. 11 ಗಂಟೆ 42 ನಿಮಿಷಕ್ಕೆ ತೆಗೆದ ಚಿತ್ರದಲ್ಲಿ ಉಂಗುರ ಬೆರಳಿನಲ್ಲಿತ್ತು. 11 ಗಂಟೆ 51 ನಿಮಿಷದ ಚಿತ್ರದಲ್ಲಿ ಇರಲಿಲ್ಲ. ಹಿಂದಿನ ದಿನ ಎರಡು ಎಕರೆಯಷ್ಟು ಹರಡಿಕೊಂಡಿದ್ದ ಹುಡುಕಾಟ, ಆ ಒಂಬತ್ತು ನಿಮಿಷಗಳಲ್ಲಿ ಅವರು ಎಲ್ಲಿಂದ ಎಲ್ಲಿಗೆ ನಡೆದರೆಂದು ನೆನಪಿಸಿಕೊಂಡಾಗ, ಒಂದು ಚಪ್ಪರದಷ್ಟು ಜಾಗಕ್ಕೆ ಇಳಿಯಿತು. ನಾಲ್ಕು ಗೂಟ ನೆಟ್ಟು, ಹಗ್ಗ ಕಟ್ಟಿ, ಯಂತ್ರದ ಕೋಲಿನ ತುದಿಯಲ್ಲಿರುವ ತಂತಿಸುರುಳಿಯ ತಟ್ಟೆಯನ್ನು, ಅಂದರೆ ಕಾಯಿಲನ್ನು, ಸಾಲು ಸಾಲಾಗಿ ಬೀಸುತ್ತ ಹೋದೆ. ನಲವತ್ತು ನಿಮಿಷಗಳ ನಂತರ ಹೆಡ್‌ಫೋನಿನಲ್ಲಿ ಮೆಲ್ಲಗೆ, ಆದರೆ ಎರಡು ದಿಕ್ಕಿನಿಂದ ಬೀಸಿದಾಗಲೂ ಒಂದೇ ಸಮನಾಗಿ ಬಂದ ದನಿ ಕೇಳಿತು. ಉಂಗುರ ಒಂದು ಗೇಣಿನಷ್ಟು ಆಳದಲ್ಲಿತ್ತು, ಅಂದರೆ ನನ್ನ ಯಂತ್ರಕ್ಕೆ ಅಷ್ಟು ಸಣ್ಣ ವಸ್ತುವನ್ನು ಕೇಳಿಸಿಕೊಳ್ಳಲು ಸಾಧ್ಯವಿರುವ ಆಳದ ಅಂಚಿನಲ್ಲಿ. ಕಡ್ಡಿ ಹಾಕಿ ಕೆದಕಿದ್ದರಿಂದಲೇ ಅದು ಅಷ್ಟು ಕೆಳಗೆ ಹೋಗಿರಬೇಕೆಂದು ನನ್ನ ಎಣಿಕೆ. ಹಾಗಾಗಿ ನನ್ನ ಮೊದಲ ವಿನಂತಿ ಇದು: ಒಡವೆ ಕಳೆದಾಗ ನಿಂತಲ್ಲೇ ನಿಲ್ಲಿ, ಆ ಜಾಗಕ್ಕೆ ಒಂದು ಕಲ್ಲನ್ನಾದರೂ ಇಟ್ಟು ಗುರುತು ಮಾಡಿ, ನೆಲವನ್ನು ಕೆದಕಬೇಡಿ.

ಯಂತ್ರದ ಕೆಲಸವನ್ನು ತಿಳಿದುಕೊಂಡರೆ ಅದರ ಮಿತಿಯೂ ತಿಳಿಯುತ್ತದೆ. ಕೋಲಿನ ತುದಿಯ ಕಾಯಿಲ್‌ನಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ ಹರಿಯುತ್ತದೆ. ಅದರಿಂದ ಹುಟ್ಟುವ ಕಾಂತಕ್ಷೇತ್ರ ನೆಲದೊಳಗಿನ ಲೋಹದಲ್ಲಿ ಸುಳಿಯಂಥ ಪ್ರವಾಹವನ್ನು ಎಬ್ಬಿಸುತ್ತದೆ. ಆ ಪ್ರವಾಹ ತನ್ನದೇ ಕ್ಷೇತ್ರವನ್ನು ಸ್ವಲ್ಪ ತಡವಾಗಿ ಹಿಂದಕ್ಕೆ ಕಳಿಸುತ್ತದೆ. ಎಷ್ಟು ತಡ ಎಂಬುದರ ಮೇಲೆ ಯಂತ್ರ ಲೋಹದ ಜಾತಿಯನ್ನು ಊಹಿಸುತ್ತದೆ, ಮತ್ತು ಅದು ಊಹೆ ಮಾತ್ರ. ಬೆಳ್ಳಿಯ ದಪ್ಪ ಕಾಲುಂಗುರ ಎತ್ತರದ ಸ್ಪಷ್ಟ ದನಿ ಕೊಡುತ್ತದೆ. ತೆಳುವಾದ ಚಿನ್ನದ ಉಂಗುರ ಕೊಡುವ ದನಿಗೂ, ಮಾತ್ರೆ ಪಟ್ಟಿಯ ಅಥವಾ ಸಿಗರೇಟು ಪ್ಯಾಕಿನೊಳಗಿನ ಅಲ್ಯೂಮಿನಿಯಂ ಹಾಳೆ ಕೊಡುವ ದನಿಗೂ ವ್ಯತ್ಯಾಸ ಬಹಳ ಕಡಿಮೆ. ಚಿನ್ನ ಬೇಕೆನ್ನುವವರು ಕಸವನ್ನೆಲ್ಲ ಅಗೆಯಲೇಬೇಕು.

ಇನ್ನು ಸರ. ಕರಿಮಣಿ ಸರವೋ ಚಿನ್ನದ ತೆಳು ಸರವೋ ಕಳೆದಿದೆಯೆಂದು ಹೆಣ್ಣುಮಕ್ಕಳು ಹೇಳಿದಾಗ ನನಗೆ ಪ್ರತಿಸಲವೂ ಆತಂಕವಾಗುತ್ತದೆ. ಸರ ಎಷ್ಟೇ ಉದ್ದವಿದ್ದರೂ ಅದು ಸಣ್ಣ ಸಣ್ಣ ಕೊಂಡಿಗಳ ಸಾಲು. ಕೊಂಡಿಗಳ ನಡುವಿನ ಸ್ಪರ್ಶ ಸಡಿಲವಾಗಿರುವುದರಿಂದ ಯಂತ್ರಕ್ಕೆ ಅದು ಒಂದು ದೊಡ್ಡ ವಸ್ತುವಾಗಿ ಕಾಣದೆ, ನೂರಾರು ಪುಟ್ಟ ಚೂರುಗಳಾಗಿ ಕಾಣುತ್ತದೆ, ಅಂಥ ಚೂರುಗಳ ದನಿ ಮಣ್ಣಿನ ಗದ್ದಲದಲ್ಲಿ ಅಡಗಿಹೋಗುತ್ತದೆ. ಕೈಗೆ ಸಿಗುವುದಾದರೆ ಮಾಂಗಲ್ಯದ ತಾಳಿಯಿಂದ, ಗುಂಡಿನಿಂದ ಅಥವಾ ಕೊಕ್ಕೆಯಿಂದ ಸಿಗಬೇಕು. ಆದ್ದರಿಂದ ಸರದಲ್ಲಿ ಏನೇನು ಪೋಣಿಸಿತ್ತು, ಯಾವುದು ಎಷ್ಟು ದೊಡ್ಡದು ಎಂದು ನಾನು ಮೊದಲೇ ವಿವರವಾಗಿ ಕೇಳುತ್ತೇನೆ. ಆ ಗಳಿಗೆಯಲ್ಲಿ ಅವರಿಗೆ ಈ ಪ್ರಶ್ನೆ ನಿರ್ದಯವಾಗಿ ತೋರಬಹುದಾದರೂ ಕೇಳದೆ ವಿಧಿಯಿಲ್ಲ.

ಮಣ್ಣಿನ ಗದ್ದಲವೆಂದೆ. ಹಾಸನದ ಹೊಲಗಳಿಂದ ಚಿಕ್ಕಮಗಳೂರಿನ ಬೆಟ್ಟಗಳ ಕಡೆ ಹೋದಂತೆ ಇದು ಏರುತ್ತ ಹೋಗುತ್ತದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಒದಗಿಸಿದ ಕೆಮ್ಮಣ್ಣುಗುಂಡಿ, 2005ರ ಕೊನೆಯವರೆಗೆ ಗಣಿಗಾರಿಕೆ ನಡೆದ ಕುದುರೆಮುಖ, ಇವೆರಡೂ ಚಿಕ್ಕಮಗಳೂರು ಜಿಲ್ಲೆಯಲ್ಲೇ ಇವೆ. ಬಾಬಾಬುಡನ್ ಶ್ರೇಣಿಯ ಮಣ್ಣಿನ ಕೆಂಪೇ ಕಬ್ಬಿಣದ ಸಾಕ್ಷಿ. ಅಂಥ ನೆಲದಲ್ಲಿ ಇಡೀ ಭೂಮಿಯೇ ಯಂತ್ರಕ್ಕೆ ಉತ್ತರ ಕೊಡಲು ಶುರುಮಾಡುತ್ತದೆ. ಲೋಹವಿಲ್ಲದ ಜಾಗ ನೋಡಿ, ಕಾಯಿಲನ್ನು ಕೆಲವು ಸಲ ಮೇಲೆ ಕೆಳಗೆ ಆಡಿಸಿ, ದನಿ ಸಮನಾಗುವವರೆಗೆ ಗ್ರೌಂಡ್ ಬ್ಯಾಲೆನ್ಸನ್ನು, ಅಂದರೆ ಮಣ್ಣಿನ ಉತ್ತರವನ್ನು ಯಂತ್ರ ಕಡೆಗಣಿಸುವಂತೆ ಮಾಡುವ ಗುಂಡಿಯನ್ನು, ಹೊಂದಿಸಿಕೊಳ್ಳಬೇಕು, ಸೂಕ್ಷ್ಮತೆಯನ್ನು ತಗ್ಗಿಸಬೇಕು, ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ಮತ್ತೆ ಹೊಂದಿಸಬೇಕು. ಮುಳ್ಳಯ್ಯನಗಿರಿಯ ದಾರಿಯ ಪಕ್ಕದಲ್ಲಿ ಬಿದ್ದ ಬೆಂಡೋಲೆಯೊಂದನ್ನು ಹುಡುಕಲು ಹೋದಾಗ ನನಗೆ ಇದು ಗೊತ್ತಿರಲಿಲ್ಲ. ಅರ್ಧ ದಿನ ಬರೀ ಕಿರುಚಾಟ ಕೇಳಿ ಹಿಂತಿರುಗಿದೆ. ಆ ಬೆಂಡೋಲೆ ಕಳೆದುಕೊಂಡ ತಾಯಿಗೆ ನಾನು ಕೊಟ್ಟ ಭರವಸೆ ನೆನೆದರೆ ಈಗಲೂ ನೋವಾಗುತ್ತದೆ.

ನಾಣ್ಯಗಳ ವಿಷಯದಲ್ಲಿ ಹೊರದೇಶದ ವಿಡಿಯೊಗಳನ್ನು ನೋಡಿ ಕಲಿಯುವ ಹುಡುಗರಿಗೆ ಒಂದು ಮಾತು. ಅಲ್ಲಿ ಕಬ್ಬಿಣವನ್ನು ತಳ್ಳಿಹಾಕುವಂತೆ ಯಂತ್ರವನ್ನು ಹೊಂದಿಸಿಕೊಳ್ಳಿ ಎನ್ನುತ್ತಾರೆ. ನಮ್ಮ ಈಗಿನ ಒಂದು ಮತ್ತು ಎರಡು ರೂಪಾಯಿಯ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನವು. ಕಬ್ಬಿಣವನ್ನು ತಳ್ಳಿದರೆ ಅವುಗಳ ದನಿಯೂ ಸೋಡಾ ಬಾಟಲಿಯ ಮುಚ್ಚಳದ ಹಾಗೆ ತೊದಲುತ್ತದೆ, ಕೆಲವೊಮ್ಮೆ ಪೂರಾ ಮಾಯವಾಗುತ್ತದೆ. 2011ರ ಜೂನ್ 30ಕ್ಕೆ ಚಲಾವಣೆ ಕಳೆದುಕೊಂಡ ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳಲ್ಲಿ ಹಲವು ಅಲ್ಯೂಮಿನಿಯಂನವು. ಹತ್ತು ಪೈಸೆಯ ಅಲೆಯಂಚಿನ ಬಿಲ್ಲೆಗಳು ಮೈದಾನಗಳಲ್ಲಿ ಇಂದಿಗೂ ಸಿಗುತ್ತವೆ. ನನ್ನ ಡಬ್ಬಿಯಲ್ಲಿರುವವೆಲ್ಲ ಇಂಥವೇ, ಪ್ರತಿಯೊಂದರ ಜೊತೆಗೂ ಸಿಕ್ಕ ದಿನ ಮತ್ತು ಜಾಗ ಬರೆದ ಚೀಟಿಯಿದೆ. ಶಾಲೆಯ ಪಕ್ಕದ ಬಯಲಿನಲ್ಲಿ ಸಿಕ್ಕ ಐದು ಪೈಸೆಯನ್ನು ಕಳೆದುಕೊಂಡ ಮಗು ಆ ದಿನ ಅತ್ತಿರಬಹುದೆಂದು ಅನ್ನಿಸಿ, ಅದನ್ನು ಬೇರೆಯಾಗಿ ಇಟ್ಟಿದ್ದೇನೆ.

ಹಳೆಯ ನಾಣ್ಯಗಳ ಆಸೆ ನನಗಿಲ್ಲವೆಂದಲ್ಲ. ಆದರೆ ಅದರ ಹಿಂದೆ ಹೋಗುವುದಿಲ್ಲವೆಂದು ನಿಶ್ಚಯಿಸಿದ್ದೇನೆ. ಬೇಲೂರು, ಹಳೇಬೀಡು, ದೊಡ್ಡಗದ್ದವಳ್ಳಿ, ಹೊಯ್ಸಳರ ಮೂಲನೆಲೆಯಾದ ಮೂಡಿಗೆರೆ ಬಳಿಯ ಅಂಗಡಿ: ನಮ್ಮ ಎರಡು ಜಿಲ್ಲೆಗಳಲ್ಲಿ ಎಲ್ಲಿ ಗುದ್ದಲಿ ಹಾಕಿದರೂ ಅದು ಯಾರದೋ ಚರಿತ್ರೆಯ ಮೇಲೆ ಬೀಳಬಹುದು. ನಿಧಿಯಾಸೆಗೆ ರಾತ್ರೋರಾತ್ರಿ ಗರ್ಭಗುಡಿ ಅಗೆದು, ವೀರಗಲ್ಲು ಒಡೆದು ಹೋದವರ ಗುರುತುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆ ಗುಂಡಿಗಳ ಅಂಚಿನಲ್ಲಿ ನಿಂತಾಗ ಆದ ಸಂಕಟವನ್ನು ಮರೆಯಲಾಗಿಲ್ಲ. ಮಣ್ಣಿನಲ್ಲಿ ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತೆಂಬುದು ಅಳಿದುಹೋದ ಮೇಲೆ ಹಳೆಯ ನಾಣ್ಯ ಬರಿಯ ಲೋಹದ ಬಿಲ್ಲೆಯಾಗುತ್ತದೆ. ಕಾನೂನು ಕೂಡ ಸ್ಪಷ್ಟವಾಗಿದೆ. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಕಟ್ಟಡ ಮತ್ತು ಗಣಿಗಾಗಿ ಹೇಳಿದ ಆ ಅಳತೆಯನ್ನೇ ನಾನು ನನ್ನ ಯಂತ್ರಕ್ಕೂ ಹಾಕಿಕೊಂಡಿದ್ದೇನೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಡಿ ಪುರಾತನ ವಸ್ತು. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ಬರಹದಲ್ಲಿ ತಿಳಿಸಬೇಕೆಂದು 1878ರಷ್ಟು ಹಿಂದೆಯೇ ಕಾಯ್ದೆ ಹೇಳಿತ್ತು, ನಮ್ಮ ರಾಜ್ಯಕ್ಕೆ 1962ರ ಪ್ರತ್ಯೇಕ ನಿಧಿ ಕಾಯ್ದೆಯೂ ಇದೆ.

ಮೂರು ವರ್ಷಗಳ ಹಿಂದೆ ಒಂದು ಹಳ್ಳಿಯ ಜಾತ್ರೆ ಮುಗಿದ ಮರುದಿನ, ಯಾರನ್ನೂ ಕೇಳದೆ ಒಬ್ಬನೇ ಬಯಲಿನಲ್ಲಿ ಯಂತ್ರ ಬೀಸುತ್ತಿದ್ದಾಗ ಊರವರು ನನ್ನನ್ನು ಸುತ್ತುವರಿದರು. ನಿಧಿಗಳ್ಳನೆಂದು ಅವರು ಭಾವಿಸಿದ್ದು ಸಹಜವಾಗಿಯೇ ಇತ್ತು. ಗುಡಿ ಇನ್ನೂರು ಹೆಜ್ಜೆ ದೂರದಲ್ಲಿತ್ತು, ನನ್ನ ಕೈಯಲ್ಲಿ ಕಳೆಗುದ್ದಲಿಯಿತ್ತು. ಹಿರಿಯರೊಬ್ಬರು ನನ್ನ ಚೀಲ ಬಿಚ್ಚಿ ನೋಡಿ, ಆರು ನಾಣ್ಯ ಮತ್ತು ಒಂದು ಗೆಜ್ಜೆಯ ಗುಂಡಿಯನ್ನು ಎಣಿಸಿ, ಗುಡಿಯ ಹುಂಡಿಗೆ ಹಾಕಿಸಿದರು. ಅಂದಿನಿಂದ ನಾನು ಕಳೆದುಕೊಂಡವರ ಜೊತೆಯಲ್ಲೇ, ಜಾಗದ ಹೊಣೆ ಹೊತ್ತವರಿಗೆ ಮೊದಲು ತಿಳಿಸಿ, ಹಗಲಿನಲ್ಲಿ ಮಾತ್ರ ಹೋಗುತ್ತೇನೆ. ಉದ್ಯಾನವಾದರೆ ಹುಲ್ಲನ್ನು ಮೂರು ಬದಿ ಕತ್ತರಿಸಿ ಮುಚ್ಚಳದಂತೆ ಎತ್ತಿ, ಮಣ್ಣನ್ನು ಬಟ್ಟೆಯ ಮೇಲೆ ಹಾಕಿ, ಮತ್ತೆ ತುಂಬಿ ತುಳಿದು ನೀರು ಹಾಕುತ್ತೇನೆ. ಹುಡುಕುವಾಗ ಬೇರೆ ಯಾರದಾದರೂ ಒಡವೆ ಸಿಕ್ಕರೆ ಅದು ನನ್ನದಾಗುವುದಿಲ್ಲ. ಮಾಲೀಕರನ್ನು ಪತ್ತೆಹಚ್ಚಲು ಯತ್ನಿಸದೆ ಇಟ್ಟುಕೊಳ್ಳುವುದು ಅಪರಾಧ. ಪೊಲೀಸ್ ಠಾಣೆಗೆ ಒಪ್ಪಿಸಿ, ರಸೀದಿ ಪಡೆದು, ಪುಸ್ತಕದಲ್ಲಿ ಅಂಟಿಸುತ್ತೇನೆ. ಈವರೆಗೆ ನಾಲ್ಕು ರಸೀದಿಗಳಿವೆ.

ಈಗ ಕೈಯಲ್ಲಿರುವುದು ಒಂದು ಮೂಗುಬೊಟ್ಟಿನ ಹುಡುಕಾಟ. ಹಾಸನದಲ್ಲಿ ಮೈದಾನವೊಂದಕ್ಕೆ ದಿನಾಲೂ ವಾಕಿಂಗ್ ಬರುವ ಅಜ್ಜಿಯೊಬ್ಬರದು, ಅವರ ತಾಯಿ ಕೊಟ್ಟದ್ದು, ತೂಕ ಒಂದು ಗ್ರಾಮೂ ಇಲ್ಲ. ಮೂರು ಸಲ ಹೋಗಿ, ಅವರು ಕೂರುವ ಕಲ್ಲುಬೆಂಚಿನ ಸುತ್ತ ಐದು ಮೀಟರ್ ಪೂರ್ತಿ ನೋಡಿಯಾಯಿತು. ಸಿಕ್ಕಿದ್ದು ಮೂವತ್ತೊಂದು ಮುಚ್ಚಳ, ಒಂದು ಬೀಗದ ಕೈ. ಹುಲ್ಲು ಎತ್ತರವಾಗಿರುವುದರಿಂದ ಕಾಯಿಲ್ ನೆಲಕ್ಕೆ ತಾಗುತ್ತಿಲ್ಲ, ಎರಡು ಬೆರಳಿನಷ್ಟು ಅಂತರವೂ ಅಷ್ಟು ಸಣ್ಣ ಚಿನ್ನಕ್ಕೆ ಬಹಳವಾಯಿತು. ಮುಂದಿನ ವಾರ ಹುಲ್ಲು ಕೊಯ್ಯುತ್ತಾರಂತೆ. ಅಂಗೈಯಗಲದ ಪುಟ್ಟ ಕಾಯಿಲೊಂದನ್ನು ಗೆಳೆಯನಿಂದ ಕೇಳಿ ತಂದಿಟ್ಟುಕೊಂಡಿದ್ದೇನೆ. ಕೊಯ್ದ ಹುಲ್ಲನ್ನು ಸಾಗಿಸುವ ಮೊದಲು ರಾಶಿಯನ್ನೂ ನೋಡಲು ಬಿಡಬೇಕೆಂದು ಮಾಲಿಗೆ ಹೇಳಿ ಬಂದಿದ್ದೇನೆ.