ಅನುಬಂಧದಲ್ಲಿದ್ದ ಚರಂಡಿ

ನಗರಸಭೆಯ ಸಾಮಾನ್ಯ ಸಭೆಗೆ ಊರಿನವರು ಹೋಗಿ ಕೂರಬಹುದು ಅನ್ನುವುದು ನಮ್ಮ ಮಾರ್ಕೆಟ್ ರಸ್ತೆಯಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ನನ್ನ ಜೆರಾಕ್ಸ್ ಅಂಗಡಿಯಿಂದ. ಕಚೇರಿಯ ಮೆಷಿನ್ ಕೆಟ್ಟಾಗ ಅಜೆಂಡಾ ನನ್ನಲ್ಲಿಗೆ ಬರುತ್ತದೆ, ಆ ಮೆಷಿನ್ ಕೆಡದ ತಿಂಗಳೇ ಇಲ್ಲ. ಹಾಳೆ ಜೋಡಿಸಿ ಪಿನ್ ಹೊಡೆಯುವಾಗ ಕಣ್ಣು ಹಾಗೇ ಓಡುತ್ತದೆ. ಆ ಸಲದ ಪಟ್ಟಿಯಲ್ಲಿ ನಮ್ಮ ರಸ್ತೆಯ ಹೆಸರಿತ್ತು: 'ಮಾರ್ಕೆಟ್ ರಸ್ತೆಯ ಪಾದಚಾರಿ ಮಾರ್ಗ ಒತ್ತುವರಿ ಮಾಡಿರುವ ಬೀದಿಬದಿ ವ್ಯಾಪಾರಿಗಳನ್ನು ತೆರವುಗೊಳಿಸುವ ಕುರಿತು ಚರ್ಚಿಸಿ ತೀರ್ಮಾನಿಸುವುದು.'

ಅರ್ಜಿ ಕೊಟ್ಟವರು ನಾವೇ, ಅಂದರೆ ವರ್ತಕರ ಸಂಘದವರು. ನಾನು ಸಹಿ ಹಾಕಿರಲಿಲ್ಲ, ವಿರೋಧವನ್ನೂ ಮಾಡಿರಲಿಲ್ಲ. ನಗರಸಭೆಯ ಮಳಿಗೆಗೆ ಬಾಡಿಗೆ, ಅದರ ಮೇಲೆ ಜಿಎಸ್‌ಟಿ, ವರ್ಷಕ್ಕೊಮ್ಮೆ ಉದ್ದಿಮೆ ಪರವಾನಗಿ ಅಂತ ಕಟ್ಟುವವನಿಗೆ ಅಂಗಡಿ ಮುಂದೆ ತಳ್ಳುಗಾಡಿ ನಿಂತರೆ ಹೊಟ್ಟೆ ಉರಿಯುವುದು ಸುಳ್ಳಲ್ಲ. ಆದರೆ ನನ್ನ ಮೆಟ್ಟಿಲ ಪಕ್ಕ ಕೂರುವ ಹೂವಿನಮ್ಮ ನಾನು ಅಂಗಡಿ ತೆಗೆಯುವ ಮೊದಲಿನಿಂದಲೂ ಅಲ್ಲೇ ಇದ್ದವರು. ಆಕೆಗೆ ವಿಷಯ ಹೇಳಿದೆ. "ನಾನೂ ಬತ್ತೀನಿ ಕಣಪ್ಪ, ನಮ್ಮನ್ನ ಎತ್ತೋದನ್ನ ನಾವೂ ನೋಡಣ" ಅಂದರು. ಬುಟ್ಟಿಯನ್ನು ಪಕ್ಕದ ಸೌತೆಕಾಯಿ ಗಾಡಿಯವನಿಗೆ ಒಪ್ಪಿಸಿ ಬಂದೇಬಿಟ್ಟರು.

ಹನ್ನೊಂದಕ್ಕೆ ಅಂತಿದ್ದ ಸಭೆ ಶುರುವಾದದ್ದು ಹನ್ನೆರಡು ದಾಟಿದ ಮೇಲೆ. ಕೋರಂ ಇರಲಿಲ್ಲ, ಶಾಸಕರೂ ಬರಬೇಕಿತ್ತು. ಶಾಸಕರು, ಸಂಸದರು ಕೂಡ ನಗರಸಭೆಯ ಸದಸ್ಯರೇ. ನಾಡಗೀತೆ ಮುಗಿದು ಎಲ್ಲರೂ ಕೂತಾಗ ನಮ್ಮ ಸೀಟು ಹಿಂದಿನ ಗೋಡೆಯ ಹತ್ತಿರದ ಪ್ಲಾಸ್ಟಿಕ್ ಕುರ್ಚಿ. ಎದುರಿಗೆ ಅಧ್ಯಕ್ಷೆ, ಪಕ್ಕದಲ್ಲಿ ಪೌರಾಯುಕ್ತರು, ಅವರ ಹಿಂದೆ ಫೈಲು ಹಿಡಿದ ಕೇಸ್ ವರ್ಕರುಗಳು.

ಅಜೆಂಡಾ ದಪ್ಪಗಿತ್ತು. ಅದಕ್ಕೆ ಕಾರಣವೂ ಇತ್ತು. ನಮ್ಮಲ್ಲಿ 2018ರಲ್ಲಿ ಚುನಾವಣೆಯಾದರೂ ಮೀಸಲಾತಿ ವಿಚಾರ ಕೋರ್ಟಿಗೆ ಹೋಗಿ ಅಧ್ಯಕ್ಷರು ಕುರ್ಚಿಯಲ್ಲಿ ಕೂತದ್ದು 2020ರ ಕೊನೆಗೆ. ಅವರ 30 ತಿಂಗಳು ಮುಗಿದ ಮೇಲೆ ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಆಡಳಿತಾಧಿಕಾರಿಯದೇ ಕಾರುಬಾರು. ಸದಸ್ಯರು ಗೆದ್ದು ಸುಮ್ನೆ ಮನೆಯಲ್ಲಿ ಕೂತಿದ್ದರು. ಈಗ ಉಳಿದ ಸ್ವಲ್ಪ ದಿನದಲ್ಲಿ ಎಲ್ಲರಿಗೂ ತಮ್ಮ ವಾರ್ಡಿಗೆ ಏನಾದರೂ ಆಗಬೇಕಿತ್ತು.

ವಿಷಯ ಓದುವ ನೌಕರರ ದನಿ ಮಂತ್ರ ಹೇಳಿದಂತೆ ಒಂದೇ ಏರಿಳಿತದಲ್ಲಿ ಹೋಗುತ್ತಿತ್ತು. ಮುಂದಿನ ಸಾಲಿನಿಂದ "ಪಾಸ್, ಪಾಸ್" ಅನ್ನುತ್ತಿದ್ದರು. ಬೀದಿದೀಪದ ನಿರ್ವಹಣೆ ಪಾಸ್. ಕಸದ ಆಟೋ ರಿಪೇರಿ ಪಾಸ್. ಆಮೇಲೆ ಬಂದದ್ದು ದಿನವಹಿ ನೆಲಸುಂಕ ವಸೂಲಿ ಹಕ್ಕಿನ ಹರಾಜು. ರಸ್ತೆಬದಿ ಕೂತವರಿಂದ ದಿನಾ ಸುಂಕ ಎತ್ತುವ ಹಕ್ಕನ್ನು ವರ್ಷಕ್ಕೆ ಗುತ್ತಿಗೆ ಕೊಡುತ್ತಾರಲ್ಲ, ಅದು. ಅದೂ ಪಾಸ್. ಹೂವಿನಮ್ಮ ನನ್ನ ಕಡೆ ತಿರುಗಿ, "ಇದು ನಮ್ ಚೀಟಿದಲ್ವಾ?" ಅಂದರು. ಹೌದು ಅಂದೆ.

ಆಮೇಲೆ 'ಅನುಬಂಧ–3ರಲ್ಲಿನ ಕಾಮಗಾರಿಗಳ ಕ್ರಿಯಾಯೋಜನೆಗೆ ಅನುಮೋದನೆ' ಅಂತ ಓದಿದರು. 15ನೇ ಹಣಕಾಸು ಆಯೋಗದ ದುಡ್ಡು. ಸಭೆಯಲ್ಲಿ ಅದಕ್ಕೆ ಬರೀ 'ಹದಿನೈದನೇ ಹಣಕಾಸು' ಅನ್ನುತ್ತಾರೆ. ಯಾವ ಕಾಮಗಾರಿ, ಎಲ್ಲಿ ಅಂತ ಯಾರೂ ಓದಿಸಲಿಲ್ಲ. ಸದಸ್ಯರೊಬ್ಬರು "ನಮ್ ವಾರ್ಡಿಗೆ ಕಡಿಮೆ ಇಟ್ಟಿದೀರಿ" ಅಂತ ಎದ್ದರು. "ಮುಂದಿನ ಕಂತಲ್ಲಿ ನೋಡೋಣ" ಅಂದಿದ್ದಕ್ಕೆ ಕೂತರು. ಪಾಸ್. ಒಂದು ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ನನಗೆ ಕಸಿವಿಸಿ ಶುರುವಾದದ್ದು ಅಲ್ಲೇ. ಆ ಅನುಬಂಧದ ಹಾಳೆ ಅಡ್ಡಡ್ಡ ಪ್ರಿಂಟ್ ಆಗಿ ಬಂದಿತ್ತು. ಅದನ್ನು ತಿರುಗಿಸಿ ಮೆಷಿನ್‌ಗೆ ಹಾಕುವಾಗ ಒಂದು ಸಾಲು ಕಣ್ಣಿಗೆ ಬಿದ್ದಿತ್ತು: ಮಾರ್ಕೆಟ್ ರಸ್ತೆಯ ಎರಡೂ ಬದಿ ಕಾಂಕ್ರೀಟ್ ಚರಂಡಿ ನಿರ್ಮಾಣ. ಎರಡೂ ಬದಿ ಅಂದರೆ ಎಲ್ಲ ಮಳಿಗೆಯ ಮೆಟ್ಟಿಲು, ಎಲ್ಲ ಗಾಡಿ ನಿಲ್ಲುವ ಜಾಗ.

ಬೀದಿ ವ್ಯಾಪಾರಿಗಳ ವಿಷಯ ಬಂದಾಗ ಸಭೆಗೆ ಎಚ್ಚರವಾಯಿತು. ಒಬ್ಬರು ಆಂಬುಲೆನ್ಸ್ ಹೋಗಲ್ಲ ಅಂದರು. ಇನ್ನೊಬ್ಬರು ಬಡವರ ಹೊಟ್ಟೆ ಮೇಲೆ ಹೊಡೀಬೇಡಿ ಅಂತ ಮೇಜು ಕುಟ್ಟಿದರು. ಮೊದಲನೆಯವರ ತಮ್ಮನಿಗೆ ಬಟ್ಟೆ ಅಂಗಡಿ ಇದೆ. ಎರಡನೆಯವರ ವಾರ್ಡಿನಲ್ಲೇ ಗಾಡಿಯವರೆಲ್ಲ ಇರುವುದು. ಇದು ಊರಿಗೇ ಗೊತ್ತು, ಹಾಗಾಗಿ ಯಾರಿಗೂ ಬೇಸರವಿಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ಖಾಲಿ ಜಾಗಕ್ಕೆ ಕಳಿಸಿ ಅಂತ ಒಂದು ಸಲಹೆ ಬಂತು. ಅಲ್ಲಿಗೆ ಹೂವು ಕೊಳ್ಳಲು ಯಾರು ಬರುತ್ತಾರೋ ಆ ದೇವರೇ ಬಲ್ಲ.

ಆಗ ಹಿಂದಿನ ಸಾಲಿನ ಒಬ್ಬ ಮಹಿಳಾ ಸದಸ್ಯೆ ಎದ್ದರು. ಅವರು ಸಭೆಯಲ್ಲಿ ಮಾತಾಡಿದ್ದನ್ನು ಕೇಳಿದವರು ಕಡಿಮೆ. "ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಪ್ರಕಾರ ಮೊದಲು ವ್ಯಾಪಾರಿಗಳ ಸರ್ವೆ ಆಗಬೇಕು. ಸರ್ವೆ ಮುಗಿಸಿ ಪ್ರಮಾಣಪತ್ರ ಕೊಡೋ ತನಕ ಎತ್ತಂಗಿಲ್ಲ. ಎತ್ತೋದಾದ್ರೂ 30 ದಿನದ ನೋಟಿಸ್ ಕೊಡಬೇಕು. ಪಟ್ಟಣ ಮಾರಾಟ ಸಮಿತೀಲಿ ನೂರಕ್ಕೆ 40 ಜನ ವ್ಯಾಪಾರಿಗಳೇ ಇರಬೇಕು. ಆ ಸಮಿತಿ ಸಭೆ ಕೊನೇ ಸಲ ಯಾವಾಗ ಸೇರಿತ್ತು ಸಾರ್?" ಪೌರಾಯುಕ್ತರು ಹಿಂದೆ ತಿರುಗಿದರು. ಕೇಸ್ ವರ್ಕರ್ ಫೈಲು ತಿರುವಿದರು. ಸದಸ್ಯೆ ಕೂರಲಿಲ್ಲ. "ಈಗ ತಾನೇ ಅವರ ಸುಂಕ ಹರಾಜು ಪಾಸ್ ಮಾಡಿದ್ವಿ. ದುಡ್ಡು ಎತ್ತೋವಾಗ ವ್ಯಾಪಾರಿ, ಜಾಗ ಬೇಕಾದಾಗ ಒತ್ತುವರಿ. ಇದು ಹೆಂಗೆ?"

ಹೂವಿನಮ್ಮ ಸೆರಗಿನ ಗಂಟು ಬಿಚ್ಚಿ ಸುಂಕದ ಚೀಟಿಗಳ ಒಂದು ಕಟ್ಟು ತೆಗೆದರು. ಮಾಸಿದ ಗುಲಾಬಿ ಬಣ್ಣ, ಅಂಚೆಲ್ಲ ಹೂವಿನ ನೀರಿಗೆ ನೆನೆದು ಮೆತ್ತಗಾಗಿತ್ತು. ಎತ್ತಿ ತೋರಿಸಲು ಹೋದವರನ್ನು ಜವಾನ "ಅಮ್ಮಾ, ಕೂತ್ಕೊಳಿ, ಸಾರ್ವಜನಿಕರು ಮಾತಾಡಂಗಿಲ್ಲ" ಅಂತ ತಡೆದರು. ಅದು ನಿಯಮ, ಸರಿ. ಆದರೆ ಇಡೀ ಸಭಾಂಗಣದಲ್ಲಿ ದಾಖಲೆ ಕೈಯಲ್ಲಿಟ್ಟುಕೊಂಡು ಬಂದಿದ್ದು ಆಯಮ್ಮ ಒಬ್ಬರೇ.

ಒಂದೂವರೆ ಗಂಟೆ ಗಲಾಟೆ ನಡೆದ ಮೇಲೆ ವಿಷಯವನ್ನು ಮುಂದಿನ ಸಭೆಗೆ ಮುಂದೂಡಿದರು. ನಮ್ಮ ಸಂಘದ ಅಧ್ಯಕ್ಷರ ಮುಖ ಸಪ್ಪಗಾಯಿತು. ಹೂವಿನಮ್ಮ ಗೆದ್ದವರ ಹಾಗೆ ಎದ್ದರು.

ಹೊರಗೆ ಉಪ್ಪಿಟ್ಟು, ಕೇಸರಿಬಾತ್ ಕೊಡುತ್ತಿದ್ದರು. ನಮ್ಮ ವಾರ್ಡಿನ ಸದಸ್ಯರನ್ನು ಹಿಡಿದು ಚರಂಡಿ ವಿಷಯ ಕೇಳಿದೆ. "ಒಳ್ಳೇದೇ ಅಲ್ವಾ ಅಣ್ಣ? ಮಳೆ ಬಂದ್ರೆ ಅಂಗಡಿಗೆ ನೀರು ನುಗ್ಗುತ್ತೆ ಅಂತ ನೀವೇ ಅರ್ಜಿ ಕೊಟ್ಟಿದ್ರಿ" ಅಂದರು. ನಿಜ, ಕೊಟ್ಟಿದ್ದೆವು. ಯಾವಾಗ ಶುರು, ಯಾವ ಬದಿ ಮೊದಲು, ಎಷ್ಟು ದಿನ ಅಗೆದಿಟ್ಟಿರ್ತಾರೆ? "ಡಿಸಿ ಆಫೀಸಿಂದ ಅಪ್ರೂವಲ್ ಬರಬೇಕು, ಆಮೇಲೆ ಎಸ್ಟಿಮೇಟು, ಟೆಂಡರು. ಈಗ್ಲೇ ಯಾಕೆ ತಲೆ ಕೆಡಿಸ್ಕೊಳ್ತೀರಾ?" ಬಟ್ಟೆ ಅಂಗಡಿಯ ಕಡೆಯವರಿಗಾಗಲಿ ಗಾಡಿಯವರ ಕಡೆಯವರಿಗಾಗಲಿ ಆ ಸಾಲು ಕಂಡೇ ಇರಲಿಲ್ಲ ಅಂತ ನನ್ನ ಅನುಮಾನ. ಸಭೆಯಲ್ಲಿ ಜಗಳ ಆಗುವುದು ಹೆಸರು ಹಾಕಿ ಬರೆದ ವಿಷಯಕ್ಕೆ. ಪಟ್ಟಿಯೊಳಗೆ ಸೇರಿಕೊಂಡಿದ್ದರ ತಂಟೆಗೆ ಯಾರೂ ಹೋಗುವುದಿಲ್ಲ.

ಟೆಂಡರ್ ಆಗಿ ಜೆಸಿಬಿ ಬಂದದ್ದು ಗಣೇಶನ ಹಬ್ಬದ ವ್ಯಾಪಾರದ ಹೊತ್ತಿಗೆ. ಹಳೇ ಚಪ್ಪಡಿ ಕಲ್ಲುಗಳು ಒಂದೇ ಬೆಳಗ್ಗೆ ಎದ್ದವು. ಮಧ್ಯಾಹ್ನಕ್ಕೆ ನಲ್ಲಿ ಪೈಪ್ ಒಡೆಯಿತು. ಗಾಡಿಯವರು ಯಾವ ನೋಟಿಸೂ ಇಲ್ಲದೆ ತಾವಾಗಿಯೇ ಚದುರಿದರು. ಸೌತೆಕಾಯಿಯವನು ಆಸ್ಪತ್ರೆ ಗೇಟಿಗೆ, ಹೂವಿನಮ್ಮ ಬ್ಯಾಂಕಿನ ಎಟಿಎಂ ಪಕ್ಕಕ್ಕೆ. ನಮ್ಮ ರಸ್ತೆ ಸಂಘ ಕೇಳಿದಷ್ಟೂ ಖಾಲಿಯಾಯಿತು, ಗಿರಾಕಿಗಳ ಸಮೇತ. ನನ್ನ ಅಂಗಡಿಗೆ ಹಲಗೆ ಮೇಲೆ ನಡೆದು ಬರಬೇಕಿತ್ತು. ಆಧಾರ್ ಜೆರಾಕ್ಸ್‌ಗೆ ಬಂದ ಅಜ್ಜ ಆಚೆ ದಡದಿಂದಲೇ ಕಾರ್ಡ್ ಚಾಚುತ್ತಿದ್ದರು.

ಚರಂಡಿಯ ಗೋಡೆ ಎದ್ದ ಮೇಲೆ ಮುಚ್ಚುವ ಸ್ಲ್ಯಾಬ್ ಎಲ್ಲಿ ಅಂತ ಗುತ್ತಿಗೆದಾರರ ಮೇಸ್ತ್ರಿಯನ್ನು ಕೇಳಿದೆ. "ಎಸ್ಟಿಮೇಟಲ್ಲಿ ಕ್ರಾಸಿಂಗ್ ಇರೋ ಕಡೆ ಮಾತ್ರ ಐತೆ ಸಾರ್, ಅಂಗಡಿ ಮುಂದೆ ಇಲ್ಲ" ಅಂದ. ಸಂಘದ ಅಧ್ಯಕ್ಷರು ಕಚೇರಿಗೆ ಅಲೆದು ಸುಸ್ತಾಗಿ, ಕೊನೆಗೆ ನಾವೇ ಚಂದಾ ಎತ್ತಿ ಸ್ಲ್ಯಾಬ್ ಹಾಕಿಸೋಣ ಅಂತ ರಸೀದಿ ಪುಸ್ತಕ ಹಿಡಿದು ಹೊರಟರು. ಸುದ್ದಿ ಕೇಳಿ ಹೂವಿನಮ್ಮ ಎಟಿಎಂ ಕಡೆಯಿಂದ ಬಂದು 500 ರೂಪಾಯಿ ಮುಂದೆ ಚಾಚಿದರು. ನನ್ನ ಮೆಟ್ಟಿಲ ಹತ್ತಿರ ಸ್ಲ್ಯಾಬನ್ನು ಒಂದಡಿ ಅಗಲ ಮಾಡಿಸಬೇಕು, ಬುಟ್ಟಿ ಕೂರಬೇಕು ಅನ್ನುವುದು ಅವರ ಷರತ್ತು. ಅಧ್ಯಕ್ಷರು ಪೆನ್ನು ಹಿಡಿದು ನನ್ನ ಮುಖ ನೋಡಿದರು. ಅಂಗಡಿಯ ಹೆಸರು ಅಂತ ಅಚ್ಚಾಗಿದ್ದ ಕಡೆ ಏನು ಬರೆಯೋದು?

"ಹೂವಿನಂಗಡಿ ಅಂತ ಬರ್ಕೊಳಪ್ಪ. ಸೀಲ್ ಹಾಕಿ ಕೊಡು, ನಾಳೆ ಸರ್ವೆಯೋರು ಬಂದ್ರೆ ತೋರ್ಸಕ್ಕೆ ಬೇಕು" ಅಂದರು ಹೂವಿನಮ್ಮ.

ಬರೆದರು. ಸೀಲ್ ಮರೆತು ಬಂದಿದ್ದರಿಂದ ಮನೆಗೆ ಹುಡುಗನನ್ನು ಕಳಿಸಿ ತರಿಸಿ ಹಾಕಿದರು.