ಹೊಸ ನಳಿಗೆಗೆ ಮೊದಲ ಮಳೆಗಾಲ

ನಮ್ಮ ಮನೆಯಲ್ಲಿ ಮೊದಲಿನಿಂದ ಇದ್ದದ್ದು ಕೇಪಿನ ಕೋವಿ, ಬಾಯಿಯಿಂದ ಕರಿಮದ್ದು ತುಂಬಿ ಹೊಡೆಯುವಂಥದ್ದು. ಈಡು ಹೊಡೆದ ಮೇಲೆ ನಳಿಗೆಗೆ ಬಿಸಿನೀರು ಹೊಯ್ದು ತೊಳೆಯುವುದು ವಾಡಿಕೆ. ಕರಿಮದ್ದಿನ ಮಸಿ ತೇವ ಹೀರುತ್ತದೆ, ನೀರಿಗೆ ಬೇಗ ಬಿಡುತ್ತದೆ. ಹಾಗಾಗಿ ಅದಕ್ಕೆ ಅದೇ ಸರಿ. ಈ ವರ್ಷ ಲೈಸೆನ್ಸ್ ಸಿಕ್ಕಿ ಬಂದ .315 ರೈಫಲ್ ಮಾತ್ರ ಬೇರೆ ಜಾತಿ.

ಆಷಾಢದ ಒಂದು ಭಾನುವಾರ. ಶಿರಸಿಯಲ್ಲಿ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಗುರಿ ಅಭ್ಯಾಸದ ರೇಂಜಿನಲ್ಲಿ ಹೊಡೆದು ತಂದ ರೈಫಲನ್ನು ಜಗಲಿಯಲ್ಲಿ ಹರಡಿಕೊಂಡೆ. ತೋಟಾಗಳು ಬೇರೆ ಕೋಣೆಯಲ್ಲಿ. ಒಳಗೆ ಏನೂ ಇಲ್ಲವೆಂದು ಕಣ್ಣಿಂದಲೂ ಬೆರಳಿಂದಲೂ ನೋಡಿ, ಆಮೇಲೆ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆದೆ.

"ನೀರು ಕಾಸಲೇನೋ ತಮಾ?" ಎಂದರು ಮಾವ.

"ಬೇಡ ಮಾವ, ಇದಕ್ಕೆ ಮಸಿ ಕರಗಿಸುವ ಸಾಲ್ವೆಂಟ್ ಸಾಕು."

ಬಟ್ಟೆ ತುಂಡು ಸಿಕ್ಕಿಸಿದ ಸರಳನ್ನು ನಳಿಗೆಯ ಹಿಂದಿನಿಂದಲೇ ತೂರಿಸಬೇಕು. ಗುಂಡು ಹೊರಬೀಳುವ ಬಾಯಿಯ ಅಂಚು ಬಹಳ ನಾಜೂಕು. ಅಲ್ಲಿ ಸ್ವಲ್ಪ ಸವೆದರೂ ಗುರಿ ಕೆಡುತ್ತದೆ. ಗುಂಡು ಹೊಡೆದು ಹಾಳಾಗುವುದಕ್ಕಿಂತ ಒರಟಾಗಿ ತಿಕ್ಕಿ ಹಾಳಾಗುವ ನಳಿಗೆಗಳೇ ಜಾಸ್ತಿ ಎಂದು ನನಗನಿಸುತ್ತದೆ. ಬಟ್ಟೆ ತುಂಡು ಮುಂದೆ ಹೊರಬಿದ್ದ ಮೇಲೆ ಕಳಚಿಬಿಡಬೇಕು, ಕೊಳೆಯನ್ನು ಮತ್ತೆ ಒಳಗೆ ಎಳೆಯಬಾರದು.

ಮೊದಲು ಬಂದದ್ದು ಕಪ್ಪು ಮಸಿ. ಅದು ತಿಳಿಯಾದ ಮೇಲೆ ಅಮೋನಿಯಾ ಇರುವ ಸಾಲ್ವೆಂಟ್ ಹಾಕಿ, ನೈಲಾನ್ ಬ್ರಷ್ ಆಡಿಸಿ, ಸ್ವಲ್ಪ ಹೊತ್ತು ಬಿಟ್ಟೆ. ಕಂಚಿನ ಬ್ರಷ್ ಆದರೆ ಅದರಲ್ಲಿರುವ ತಾಮ್ರವೇ ನೀಲಿ ಬಣ್ಣ ಬಿಟ್ಟು ದಾರಿ ತಪ್ಪಿಸುತ್ತದೆ. ಈ ಸಲ ಬಟ್ಟೆ ನೀಲಿಯಾಗಿ ಬಂತು. ಮಾವ ಅದನ್ನು ಬೆಳಕಿಗೆ ಹಿಡಿದರು.

"ಇದು ಮೈಲುತುತ್ತದ ಬಣ್ಣ ಅಲ್ವೇನೋ?"

ಎಷ್ಟು ಸರಿಯಾಗಿ ಗುರುತಿಸಿದರು! ಕೊಳೆರೋಗಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೆರೆಸಿ ಅಡಿಕೆಗೆ ಹೊಡೆಸುತ್ತಾ ಬಂದ ಕಣ್ಣು ಅದು. ಅಲ್ಲಿಯೂ ತಾಮ್ರ, ಇಲ್ಲಿಯೂ ತಾಮ್ರ. ಗುಂಡಿನ ಮೇಲಿನ ತಾಮ್ರದ ಹೊದಿಕೆ ನಳಿಗೆಯ ಗೀರುಗಳಿಗೆ ಉಜ್ಜಿ ಅಂಟಿಕೊಳ್ಳುತ್ತದೆ. ಹೊಸ ನಳಿಗೆ ಒಳಗೆ ಇನ್ನೂ ಸ್ವಲ್ಪ ತರಿತರಿ, ಅದಕ್ಕೇ ಜಾಸ್ತಿ ಅಂಟುತ್ತದೆ. ನೀಲಿ ಮಸುಕಾಗುವವರೆಗೆ ಒರೆಸಿದೆವು, ಕೊನೆಗೆ ತೆಳುವಾಗಿ ಎಣ್ಣೆ.

ನಮ್ಮೂರಲ್ಲಿ ತಾಮ್ರಕ್ಕಿಂತ ತೇವದ ಭಯವೇ ದೊಡ್ಡದು. ಪೆಟ್ಟಿಗೆಯೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಬರುವ ಕಾಲ. ಕ್ಯಾನ್ವಾಸ್ ಚೀಲ ನೀರಿನ ಪಸೆ ಹಿಡಿದಿಡುತ್ತದೆ, ಅದರಲ್ಲಿ ಕೋವಿ ಇಡಲೇಬಾರದು. ಬೀಗದ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇನೆ. ಚುನಾವಣೆ ಬಂದು ಠಾಣೆಗೆ ಒಪ್ಪಿಸಲು ಆದೇಶವಾದರೆ, ಆಗ ಎಣ್ಣೆ ಸ್ವಲ್ಪ ದಪ್ಪವಾಗಿಯೇ ಸವರಿ ಕೊಡುತ್ತೇನೆ. ವಾಪಸು ತಂದಾಗ ಒಣ ಬಟ್ಟೆಯಲ್ಲಿ ಅದನ್ನು ಪೂರ್ತಿ ತೆಗೆಯದೆ ಗುಂಡು ಹೊಡೆಯುವಂತಿಲ್ಲ.