ಬೋರ್ಡಿನ ಮೇಲೆ ಬಂದ ಹೆಸರು

"ಮಿಸ್, ನಾನು ಮಾತಾಡಿಲ್ಲ. ಹೇಳಿಕೊಡ್ತಿದ್ದೆ."

ಬುಧವಾರದಿಂದ ಈ ಮಾತು ನನ್ನನ್ನು ಬಿಡುತ್ತಿಲ್ಲ.

ಆರನೇ ಕ್ಲಾಸು, ಸಮಾನ ಭಿನ್ನರಾಶಿ ನಡೆಯುತ್ತಿತ್ತು. ಎಚ್‌ಎಂ ಕರೆದರು ಅಂತ ಹತ್ತು ನಿಮಿಷ ಆಫೀಸಿಗೆ ಹೋದೆ. ಹೋಗುವಾಗ ಲೀಡರ್ ಕೈಗೆ ಚಾಕ್‌ಪೀಸ್ ಕೊಟ್ಟು, ಮಾತಾಡಿದವರ ಹೆಸರು ಬರಿ ಅಂದೆ. ನಮ್ಮ ಟೀಚರ್‌ಗಳೂ ಹೀಗೇ ಮಾಡುತ್ತಿದ್ದರು, ಅಲ್ವಾ? ವಾಪಸ್ ಬಂದಾಗ ಬೋರ್ಡಿನ ಮೇಲೆ ಐದು ಹೆಸರಿತ್ತು. ಕೊನೆಯ ಹೆಸರಿನ ಮುಂದೆ ನಾಲ್ಕು ಇಂಟು ಗುರುತು. ಅವಳು ಗಲಾಟೆ ಮಾಡುವ ಹುಡುಗಿಯೇ ಅಲ್ಲ, ಅದಕ್ಕೇ ನನಗೆ ಸಿಟ್ಟು ಜಾಸ್ತಿ ಬಂತೋ ಏನೋ, ಏನು ಎತ್ತ ಅಂತ ಕೇಳದೆ ಬಾಗಿಲ ಹತ್ತಿರ ನಿಲ್ಲಿಸಿಬಿಟ್ಟೆ. ಆಗ ಹೇಳಿದಳು ಆ ಮಾತು. ಎದುರುತ್ತರ ಕೊಡುವ ದನಿಯಲ್ಲ. ಲೆಕ್ಕದಲ್ಲಿ ತಪ್ಪಾಗಿದೆ ಮಿಸ್ ಅಂದ ಹಾಗೆ.

ನಮ್ಮ ಮುಳಬಾಗಿಲು ಕಡೆ ಎಷ್ಟೋ ಮನೆಗಳಲ್ಲಿ ತೆಲುಗೇ ಮಾತು. ಇವಳ ಪಕ್ಕದಲ್ಲಿ ಕೂರುವ ಹುಡುಗಿ ಈ ವರ್ಷ ಗಡಿಯಾಚೆ ಆಂಧ್ರದಿಂದ ಬಂದು ಸೇರಿದವಳು, ಕನ್ನಡ ಇನ್ನೂ ತಡವರಿಸುತ್ತಾಳೆ. ನಾನು ಮೂರು ಸಲ ಚಪಾತಿ ಬರೆದು ಭಾಗ ಮಾಡಿ ತೋರಿಸಿದ್ದೆ, ಅವಳ ತಲೆಗೆ ಹತ್ತಿರಲಿಲ್ಲ. ಇವಳು ತೆಲುಗಲ್ಲಿ ಟೊಮೇಟೊ ಬಾಕ್ಸಿನ ಲೆಕ್ಕ ಹೇಳಿದ್ದಾಳೆ. ಬಾಕ್ಸಿಗೆ 15 ಕೆಜಿ. ಮೂರು ಜನ ಹಂಚಿಕೊಂಡರೆ ಒಬ್ಬರಿಗೆ 5. ಇಬ್ಬರದ್ದು ಸೇರಿದರೆ 10. ಹಾಗಾಗಿ 2/3 ಅಂದರೂ 10/15 ಅಂದರೂ ಒಂದೇ. ಮಂಡಿಗೆ ಹೋಗುವ ಬಾಕ್ಸುಗಳನ್ನು ದಿನಾ ನೋಡುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಆ ಹುಡುಗಿಯನ್ನು ಕರೆದು ಕೇಳಿದೆ. ಸರಿಯಾಗಿ ಬಿಡಿಸಿದಳು.

ಹೇಳಿಕೊಟ್ಟವಳು ಆಗಲೂ ಬಾಗಿಲಲ್ಲೇ ನಿಂತಿದ್ದಳು.

ಲೀಡರ್ ಹುಡುಗನದ್ದು ತಪ್ಪಿಲ್ಲ. ಸದ್ದು ಕೇಳಿಸಿತು, ಬರೆದ. ಅವನಿಗೆ ಆ ಪೊಲೀಸ್ ಕೆಲಸ ಕೊಟ್ಟಿದ್ದು ನಾನು. ಅದರಿಂದ ಆಟದ ಪೀರಿಯಡ್‌ನಲ್ಲಿ ಅವನನ್ನು ಯಾರೂ ತಂಡಕ್ಕೆ ಕರೆಯುವುದಿಲ್ಲ, ಅದನ್ನೂ ನೋಡಿ ಸುಮ್ನೆ ಇದ್ದವಳು ನಾನೇ. ನಮ್ಮ ಎಚ್‌ಎಂ ಒಳ್ಳೆಯವರು, ಶಾಲೆ ಬಿಟ್ಟ ಮಕ್ಕಳ ಮನೆಗೆ ತಾವೇ ಹೋಗಿ ಕರೆತರುತ್ತಾರೆ. ಆದರೆ ಯಾವುದಾದರೂ ಕ್ಲಾಸಿನಿಂದ ಸದ್ದು ಬಂದರೆ ಅಲ್ಲಿ ಪಾಠ ನಡೆಯುತ್ತಿಲ್ಲ ಅಂತಲೇ ಅವರ ನಂಬಿಕೆ. ನನ್ನದೂ ಅದೇ ಆಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನಷ್ಟೇ ಅಲ್ಲ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ಬೇಡ ಅನ್ನುತ್ತದೆ. ನಾವು ಕೋಲು ಬಿಟ್ಟೆವು. ಎಲ್ಲರ ಎದುರು ಹೆಸರು ಬರೆದು ಇಂಟು ಹಾಕುವುದನ್ನು ಬಿಡಲಿಲ್ಲ.

ಗುರುವಾರ ಮಕ್ಕಳ ಮುಂದೆಯೇ ಅವಳಿಗೆ ತಪ್ಪಾಯಿತು ಅಂದೆ. ಹೆಸರು ಬರೆಯುವುದನ್ನು ನಿಲ್ಲಿಸಿದೆ. ಹೊರಗೆ ಹೋಗಬೇಕಾದಾಗ ಬೋರ್ಡಿನ ಮೇಲೆ ಎರಡು ಲೆಕ್ಕ ಕೊಟ್ಟು, ಇಬ್ಬಿಬ್ಬರು ಸೇರಿ ಮಾಡಿ, ಯಾವ ಭಾಷೆಯಾದರೂ ಸರಿ, ಪಕ್ಕದವರಿಗಷ್ಟೇ ಕೇಳಿಸಲಿ ಅಂದೆ. ಬಂದ ಮೇಲೆ ಕಿರುಚಲಿಲ್ಲ, ಕೈ ಎತ್ತಿ ನಿಂತೆ. ಒಬ್ಬೊಬ್ಬರಾಗಿ ಅವರೂ ಕೈ ಎತ್ತಿ ಸುಮ್ಮನಾದರು, ಸ್ವಲ್ಪ ಹೊತ್ತು ಹಿಡಿಯಿತು, ಹಿಡಿಯಲಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಮೂರು ಎಣಿಸಿ ಕಾಯುತ್ತಿದ್ದೇನೆ. ಅಮೆರಿಕದ ಮೇರಿ ಬಡ್ ರೋ ಎಂಬವರು ತರಗತಿಗಳನ್ನು ಗಮನಿಸಿ, ಟೀಚರ್‌ಗಳು ಸಾಮಾನ್ಯವಾಗಿ ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಅಂತ ತೋರಿಸಿದ್ದರು. ಓದಿದ್ದೆ, ಮಾಡಿರಲಿಲ್ಲ.

ನಿನ್ನೆ ಶುಕ್ರವಾರ ಅವಳು ಪಕ್ಕದವಳ ಕಡೆ ಬಾಗಿದಳು. ಬಾಯಿ ತೆರೆಯುವ ಮೊದಲು ಒಮ್ಮೆ ಲೀಡರ್ ಕಡೆ ನೋಡಿದಳು. ಅವನ ಕೈಯಲ್ಲಿ ಚಾಕ್‌ಪೀಸ್ ಇರಲಿಲ್ಲ.